ಕುಣಿಗಲ್ ನಿಶ್ಚಿತಾರ್ಥಕ್ಕೆ ನಮ್ಮೆಜಮಾನರ ಕ್ಯಾಮೆರಾ

ಕೆಲವರ ಮನೆಗೆ ಹಾವು ಬರುತ್ತದೆ, ಕೆಲವರ ಮನೆಗೆ ಕಳ್ಳ ಬರುತ್ತಾನೆ. ನಮ್ಮ ಮನೆಗೆ ತಿಂಗಳಿಗೊಂದು ಹೊಸ ಹೆದರಿಕೆ ಬರುತ್ತದೆ. ಅದನ್ನು ಕೈಹಿಡಿದು ಒಳಗೆ ಕರೆತರುವವರು ನಮ್ಮೆಜಮಾನರು.

ನಾನು ತುಮಕೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಅಲ್ಲಿ ನಾನು ಕೆಮ್ಮಿದರೆ ಸಾಕು, ಇಡೀ ತರಗತಿ ಗಪ್‌ಚುಪ್. ಮನೆಗೆ ಬಂದರೆ ನನ್ನಷ್ಟು ಪುಕ್ಕಲು ಪ್ರಾಣಿ ಇನ್ನೊಂದಿಲ್ಲ. ಮಿಕ್ಸಿ ಹಾಕುವಾಗಲೂ ಮಾರು ದೂರ ನಿಂತು ಕೈ ಚಾಚಿ ಸ್ವಿಚ್ ಒತ್ತುತ್ತೇನೆ. ಇಂಥವಳಿಗೆ ದೇವರು ಕೊಟ್ಟಿದ್ದು ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಗಂಡನನ್ನು. ಅವರು ಬಿಚ್ಚಿ ನೋಡಿದ ಫ್ಯಾನು, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ ಮೂರೂ ಈಗ ಅಟ್ಟದ ಮೇಲಿವೆ.

ಒಂದು ಭಾನುವಾರ ಅವರು ಯಾವುದೋ ಸಭಾಂಗಣದಲ್ಲಿ ನಡೆದ ಸ್ವತಂತ್ರ ತಂತ್ರಾಂಶದ, ಅಂದರೆ ಫ್ರೀ ಸಾಫ್ಟ್‌ವೇರಿನ, ತರಗತಿಗೆ ಹೋಗಿ ಬಂದರು. ದುಡ್ಡು ಕೊಡದೆ ಹಾಕಿಕೊಳ್ಳಬಹುದಂತೆ, ಯಾರು ಬೇಕಾದರೂ ಬಿಚ್ಚಿ ನೋಡಿ ರಿಪೇರಿ ಮಾಡಬಹುದಂತೆ. 'ಬಿಚ್ಚಿ ನೋಡಬಹುದು' ಅನ್ನುವ ಮಾತು ಕಿವಿಗೆ ಬಿದ್ದದ್ದೇ ನನ್ನ ಕೈಕಾಲು ತಣ್ಣಗಾದವು. ಅದೇ ಹುರುಪಿನಲ್ಲಿ ಒಂದು ಡಿಜಿಟಲ್ ಕ್ಯಾಮೆರಾವನ್ನೂ ಕೊಂಡರು. ಕೊಂಡವರು ಸುಮ್ಮನಿರಬೇಕಲ್ಲ. ಕುಣಿಗಲ್ಲಿನಲ್ಲಿರುವ ಅವರ ಅಕ್ಕನ ಮಗಳಿಗೆ ಆಗಷ್ಟೇ ಗಂಡು ಗೊತ್ತಾಗಿತ್ತು. ಫೋನ್ ಮಾಡಿ, "ಅಕ್ಕಾ, ನಿಶ್ಚಿತಾರ್ಥಕ್ಕೆ ಸ್ಟುಡಿಯೋದವ್ರಿಗೆ ಹೇಳ್ಬೇಡ, ನಾನಿದೀನಲ್ಲ" ಅಂದುಬಿಟ್ಟರು.

ಆ ತಿಂಗಳ ಹೆದರಿಕೆ ನನಗೆ ಅದೇ ಆಯಿತು. ಯಾಕೆಂದರೆ ನಮ್ಮ ಅತ್ತಿಗೆ ಒಳ್ಳೆಯವರು, ಆದರೆ ಮರೆಯುವವರಲ್ಲ. ನನ್ನ ಮದುವೆಯಲ್ಲಿ ಅವರ ಎಲೆಗೆ ಹಪ್ಪಳ ಬೀಳಲಿಲ್ಲ ಅನ್ನುವುದನ್ನು ಇವತ್ತಿಗೂ ಪ್ರತಿ ಹಬ್ಬದಲ್ಲಿ ಹಪ್ಪಳ ಕರಿಯುವಾಗ ಜ್ಞಾಪಿಸುತ್ತಾರೆ. ಒಂದು ಹಪ್ಪಳಕ್ಕೇ ಇಷ್ಟು ವರ್ಷದ ಶಿಕ್ಷೆಯಾದರೆ, ಒಬ್ಬಳೇ ಮಗಳ ನಿಶ್ಚಿತಾರ್ಥದ ಫೋಟೋ ಹಾಳಾದರೆ ನನ್ನ ಗತಿ ಏನು? ತಪ್ಪು ತಮ್ಮನದಾದರೂ ಮಾತು ಕೇಳಬೇಕಾದವಳು ತಮ್ಮನ ಹೆಂಡತಿ ತಾನೇ. ಅಂದಿನಿಂದ ನಿಶ್ಚಿತಾರ್ಥ ಮುಗಿಯುವವರೆಗೆ ನಾನು ನೆಮ್ಮದಿಯಾಗಿ ಒಂದು ತುತ್ತು ತಿಂದವಳಲ್ಲ.

ಕಾಣದ ಪಾಸ್‌ವರ್ಡು

ತಯಾರಿ ಶುರುವಾದದ್ದು ನಮ್ಮ ಹಳೇ ಲ್ಯಾಪ್‌ಟಾಪಿನಿಂದ. ಅದು ಎಷ್ಟು ನಿಧಾನವೆಂದರೆ, ಆನ್ ಮಾಡಿ, ಹಾಲು ಕಾಯಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತಿತ್ತು. "ಇದರಲ್ಲಿರೋದನ್ನೆಲ್ಲ ತೆಗೆದು ಕ್ಲಾಸಲ್ಲಿ ಹೇಳ್ಕೊಟ್ಟ ಲಿನಕ್ಸ್ ಹಾಕ್ತೀನಿ, ಫೋಟೋ ಕೆಲಸಕ್ಕೆ ಗಾಳಿ ಥರ ಓಡುತ್ತೆ" ಅಂದರು.

ಕೂತು ಏನೇನೋ ಒತ್ತಿದರು. ಪರದೆ ಕಪ್ಪಗಾಯಿತು. ಬಿಳೀ ಅಕ್ಷರಗಳು ಇರುವೆ ಸಾಲಿನ ಹಾಗೆ ಮೇಲಕ್ಕೆ ಹರಿಯತೊಡಗಿದವು. ಆಗ ನನಗೆ ಒಂದು ಸಂಗತಿ ನೆನಪಾಯಿತು.

"ರೀ, ಅದರಲ್ಲಿ ನನ್ನ ಪ್ರಶ್ನೆಪತ್ರಿಕೆಗಳಿದ್ವಲ್ರೀ!"

"ಎಲ್ಲಾನೂ ಪೆನ್‌ಡ್ರೈವ್‌ಗೆ ಹಾಕಿ ಇಟ್ಟಿದೀನಿ ಕಣೇ. ನಾನೇನು ಅಷ್ಟೂ ಗೊತ್ತಿಲ್ದೋನಾ?"

"ಎಲ್ಲಿದೆ ಪೆನ್‌ಡ್ರೈವು?"

"ಇಲ್ಲೇ ಇದ್ಯಲ್ಲ, ಚುಚ್ಚಿದೀನಿ. ಲಿನಕ್ಸ್ ತುಂಬಿಸಿರೋದೂ ಇದರಲ್ಲೇ."

ಪೆನ್‌ಡ್ರೈವಿಗೆ ಲಿನಕ್ಸ್ ತುಂಬಿಸುವಾಗ ಅದರಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ ಅನ್ನುವುದು ನನಗೆ ಆಮೇಲೆ ತಿಳಿಯಿತು. ಅವರಿಗೂ ಆಮೇಲೆಯೇ ತಿಳಿದದ್ದು. ಆ ಸಲದ ಕಿರುಪರೀಕ್ಷೆಗೆ ನಾನು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದೆ.

ಇಷ್ಟಾದರೂ ಲಿನಕ್ಸ್ ಅಂತೂ ಕೂತಿತು. ಇನ್ನು ಫೋಟೋ ತಿದ್ದುವ ಪ್ರೋಗ್ರಾಮು ಹಾಕಬೇಕು. ಮತ್ತೆ ಒಂದು ಕಪ್ಪು ಕಿಟಕಿ ತೆರೆದರು. ಅದು ಪಾಸ್‌ವರ್ಡ್ ಕೇಳಿತು. ನಮ್ಮೆಜಮಾನರು ಟೈಪು ಮಾಡಿದರು, ಪರದೆಯ ಮೇಲೆ ಏನೂ ಬೀಳಲಿಲ್ಲ. ಅಕ್ಷರ ಹೋಗಲಿ, ಒಂದು ಚುಕ್ಕಿಯೂ ಇಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕುಟ್ಟಿದರು. ಇಲ್ಲ. ಕೊನೆಗೆ ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಒತ್ತಿದರು. ನಮ್ಮ ಪಾಸ್‌ವರ್ಡು ಓಣಿಗೆಲ್ಲ ಕೇಳಿಸಿತೇ ಹೊರತು ಪರದೆಗೆ ಮುಟ್ಟಲಿಲ್ಲ.

"ಕೀಬೋರ್ಡ್ ಸತ್ತೋಗಿದೆ" ಅಂದರು. ಪೇಟೆಗೆ ಹೋಗಿ ಹೊಸ ಕೀಬೋರ್ಡು ತಂದು ಚುಚ್ಚಿದರು. ಅದೂ ಹಾಗೇ. ಬದಲಾಯಿಸಿ ಇನ್ನೊಂದು ತಂದರು. ಅದೂ ಹಾಗೇ! ಅಷ್ಟು ಹೊತ್ತಿಗೆ ನನಗೆ ಲ್ಯಾಪ್‌ಟಾಪಿನ ಒಳಗೆ ಯಾವುದೋ ಕೂತು ನಾವು ಕೊಟ್ಟದ್ದನ್ನೆಲ್ಲ ನುಂಗುತ್ತಿದೆ ಅನ್ನುವುದು ಖಾತ್ರಿಯಾಗಿತ್ತು. ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟೆ.

ಕಡೆಗೆ ತರಗತಿ ನಡೆಸಿದ್ದವರಿಗೆ ಫೋನ್ ಹಚ್ಚಿದರು. ಅವರು ಆ ಕಡೆಯಿಂದ ನಗುತ್ತ, "ಸಾರ್, ಅದು ಅಲ್ಲಿ ಕಾಣಿಸೋದೇ ಇಲ್ಲ. ಬೇರೆಯವರು ನೋಡಬಾರದು ಅಂತ ಹಂಗೆ ಮಾಡಿರೋದು. ಕಾಣದೇ ಇದ್ರೂ ಒಳಗೆ ಹೋಗಿರುತ್ತೆ, ಧೈರ್ಯವಾಗಿ ಎಂಟರ್ ಒತ್ತಿ" ಅಂದರು. ಒತ್ತಿದರು. ಪ್ರೋಗ್ರಾಮು ಲಕ್ಷಣವಾಗಿ ಒಳಗಿಳಿಯಿತು.

ನಮ್ಮ ಅತ್ತೆ ಹಾಗಲವಾಡಿಯವರು, ನಮ್ಮ ಜೊತೆಯೇ ಇರುತ್ತಾರೆ. ಅಲ್ಲಿಯವರೆಗೂ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದವರು ತಲೆಯೆತ್ತಿ ಅಂದರು: "ಇದಕ್ಕೆ ಇಷ್ಟು ಒದ್ದಾಡಿದ್ಯೇನ್ಲಾ? ನಾನು ಮದ್ವೆ ಆದಾಗ್ನಿಂದ ದೇವ್ರಿಗೆ ಎಡೆ ಇಡ್ತಾ ಇದೀನಿ. ಅದೂ ಹಂಗೇ ಕಣಪ್ಪಾ, ಕಾಣಕ್ಕಿಲ್ಲ, ಒಳಕ್ಕೋಗಿರುತ್ತೆ."

ದುರ್ಗದ ಕೆಂಪು ಹೊಗೆ

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಆಯುಧ ಅಂದರೆ ಈಳಿಗೆಮಣೆ, ಸ್ಕೂಟರು, ಮಿಕ್ಸಿ, ಈಗ ಲ್ಯಾಪ್‌ಟಾಪು ಮತ್ತು ಕ್ಯಾಮೆರಾ. ಅತ್ತೆ ಎಲ್ಲದಕ್ಕೂ ತಾವೇ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಕಡ್ಡಿ ಬೆಳಗಿದರು. ಅದರ ಮುಂದಿನ ಭಾನುವಾರ ನಮ್ಮೆಜಮಾನರು, "ಕುಣಿಗಲ್‌ಗೆ ಮುಂಚೆ ಹೊರಗಡೆ ಒಂದ್ಸಲ ಅಭ್ಯಾಸ ಆಗ್ಲಿ" ಅಂತ ನನ್ನನ್ನೂ ಅತ್ತೆಯನ್ನೂ ದೇವರಾಯನದುರ್ಗಕ್ಕೆ ಕರೆದುಕೊಂಡು ಹೋದರು. ಬಿಸಿಲಿಗೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ. ದೇವಸ್ಥಾನದ ಮುಂದೆ, ಮೆಟ್ಟಿಲ ಮೇಲೆ, ಕೋತಿಗಳ ಪಕ್ಕ, ಎಲ್ಲ ಕಡೆ ನಿಲ್ಲಿಸಿ ತೆಗೆದದ್ದೇ ತೆಗೆದದ್ದು.

ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿ ನೋಡಿದೆವು. ಮೊದಲ ಫೋಟೋದಲ್ಲಿ ನನ್ನ ತಲೆಯ ಎಡಕ್ಕೆ ಕೆಂಪಗೆ ಹೊಗೆ ಎದ್ದಿತ್ತು. ಎರಡನೆಯದರಲ್ಲಿ ಅತ್ತೆಯ ತಲೆಯ ಎಡಕ್ಕೆ. ಕೋತಿಗೂ ಇತ್ತು. ಗೋಪುರಕ್ಕೂ ಇತ್ತು. ಎಲ್ಲ ಫೋಟೋದಲ್ಲೂ ಅದೇ ಜಾಗದಲ್ಲಿ ಅದೇ ಕೆಂಪು.

ದುರ್ಗದ ಮೇಲಿರುವವನು ನರಸಿಂಹಸ್ವಾಮಿ. ಶಾಂತವಾಗಿದ್ದರೆ ಸರಿ, ಮುನಿದರೆ ತಡೆಯುವವರು ಯಾರು? ಅತ್ತೆ ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದು, ಗೋಡೆಗೊರಗಿ ಕೂತು ಮೆಲ್ಲಗೆ ಹೇಳಿದರು: "ಮಗಾ, ತಪ್ಪಾಗೋಯ್ತು ಕಣ್ಲಾ. ದರ್ಸನ ಆಗೋವರ್ಗೂ ಏನೂ ತಿನ್ನಲ್ಲ ಅಂದಿದ್ನಲ್ಲ, ನೀನು ಹಣ್ಣುಕಾಯಿ ತರೋಕೋದಾಗ ಎರಡು ವಡೆ ತಿಂದ್ಬಿಟ್ಟೆ."

ನಮ್ಮೆಜಮಾನರೂ ತಪ್ಪೊಪ್ಪಿಕೊಂಡರು. "ಅವ್ವಾ, ನಾನು ಇವತ್ತು ಸ್ನಾನಾನೇ ಮಾಡಿರ್ಲಿಲ್ಲ. ಗೀಸರ್ ಬಿಚ್ಚಿಟ್ಟಿದ್ದೆ. ತಲೆಗೆ ನೀರು ಚಿಮುಕಿಸ್ಕೊಂಡು ಬಂದೆ."

ಗೀಸರ್ ಬಿಚ್ಚಿಟ್ಟಿದ್ದು ನನಗೆ ಆಗಲೇ ಗೊತ್ತಾದದ್ದು. ನರಸಿಂಹಸ್ವಾಮಿಗಿಂತ ಮುಂಚೆ ನನಗೇ ಸಿಟ್ಟು ಬಂತು. ಆದರೆ ಹೆದರಿಕೆಯ ಮುಂದೆ ಸಿಟ್ಟು ನಿಲ್ಲುವುದಿಲ್ಲ. ಮಾರನೆಯ ದಿನವೇ ಮತ್ತೆ ದುರ್ಗಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬರುವುದೆಂದು ತೀರ್ಮಾನವಾಯಿತು. ನನ್ನ ಮನಸ್ಸು ಅಷ್ಟಕ್ಕೇ ನಿಲ್ಲದೆ ಕುಣಿಗಲ್ಲಿಗೆ ಓಡಿತು. ನಿಶ್ಚಿತಾರ್ಥದಲ್ಲಿ ಮದುಮಗಳ ತಲೆಯ ಪಕ್ಕದಲ್ಲಿ ಈ ಹೊಗೆ ಎದ್ದರೆ ಅತ್ತಿಗೆ ನನ್ನನ್ನು ಉಳಿಸುತ್ತಾರೆಯೇ?

ಹೊರಡುವಾಗ ಕ್ಯಾಮೆರಾವನ್ನು ಚೀಲಕ್ಕೆ ಹಾಕಬೇಕಲ್ಲ ಅಂತ ಕೈಗೆತ್ತಿಕೊಂಡು, ಅದರ ಗಾಜು ಮಸುಕಾಗಿದ್ದಂತೆ ಕಂಡು ಸೆರಗಿನಿಂದ ಒರೆಸಿದೆ. ಸೆರಗು ಕೆಂಪಾಯಿತು. ಮೂಸಿದೆ. ಕುಂಕುಮ!

"ಅತ್ತೇ, ಆಯುಧಪೂಜೆ ದಿನ ಕ್ಯಾಮೆರಾಗೆ ಕುಂಕುಮ ಎಲ್ಲಿಟ್ರಿ?"

"ಕಣ್ಣಿಗೆ ಇಟ್ಟೆ. ಮುಚ್ಕೊಂಡಿತ್ತು, ಇವನಿಗೇ ಹೇಳಿ ತೆರೆಸಿ ಇಟ್ಟೆ."

"ಅವ್ವಾ, ಯಾರಾದ್ರೂ ಕಣ್ಣಿಗೆ ಕುಂಕುಮ ಇಡ್ತಾರಾ?" ಅಂತ ನಮ್ಮೆಜಮಾನರು ಕೂಗಿದರು.

ಅತ್ತೆ ಒಂಚೂರೂ ಅಳುಕಲಿಲ್ಲ. "ನೀನು ಹಣೆ ಇರೋ ಕ್ಯಾಮ್ರ ತಂದ್ಕೊಡ್ಲಾ ಮೊದ್ಲು, ಹಣೆಗೇ ಇಡ್ತೀನಿ."

ಗುಬ್ಬಿಯ ಕಾಯಿ ಕೋಣೆ

ಹೊರಗಿನ ಅಭ್ಯಾಸ ಹೀಗಾಯಿತು. ಇನ್ನು ಒಳಗಿನದು. ಕುಣಿಗಲ್ ಅತ್ತಿಗೆಯ ಮನೆಯ ನಡುಮನೆಗೆ ಬೆಳಕು ಕಡಿಮೆ. "ಕತ್ತಲಲ್ಲಿ ತೆಗೆಯೋದು ಕಲೀಬೇಕು" ಅಂತ ನಮ್ಮೆಜಮಾನರು ಹಟ ಹಿಡಿದರು. ಗುಬ್ಬಿಯಲ್ಲಿ ಅವರ ಚಿಕ್ಕಮ್ಮನ, ಅಂದರೆ ನನ್ನ ಚಿಕ್ಕತ್ತೆಯ, ಮನೆಯಿದೆ, ತೆಂಗಿನ ತೋಟದವರು. ಅಲ್ಲಿಗೆ ಊಟಕ್ಕೆ ಹೋದಾಗ ಕ್ಯಾಮೆರಾವೂ ಬಂತು.

ಆ ಮನೆಯ ಹಿಂಭಾಗದಲ್ಲಿ ಒಂದು ಕಿಟಕಿಯಿಲ್ಲದ ಕೋಣೆ. ಚಿಕ್ಕತ್ತೆ ಊಟ ಬಡಿಸುತ್ತಲೇ, "ಯಾಕೋ ಕಣಮ್ಮ, ಈಚೆಗೆ ಆ ಕೋಣೇಲಿ ಏನೋ ಉರುಳಿದ ಸದ್ದು ಬರುತ್ತೆ, ನಾನಂತೂ ಹೊತ್ತು ಮುಳುಗಿದ ಮೇಲೆ ಹೋಗಲ್ಲ" ಅಂದಿದ್ದರು. ನನಗೆ ಅಷ್ಟು ಸಾಕಿತ್ತು. ಅರ್ಧ ಮುದ್ದೆ ಎಲೆಯಲ್ಲೇ ಬಿಟ್ಟೆ.

ಊಟವಾದ ಮೇಲೆ ನಮ್ಮೆಜಮಾನರು ಕ್ಯಾಮೆರಾದ ಗುಣಗಾನ ಶುರು ಮಾಡಿದರು. "ಚಿಕ್ಕಮ್ಮಾ, ಇದು ತಾನಾಗೇ ಮುಖ ಹುಡುಕುತ್ತೆ. ಮುಖ ಕಂಡ ಕಡೆ ಹಳದಿ ಚೌಕ ಹಾಕುತ್ತೆ. ಮರಕ್ಕೆ ಹಾಕಲ್ಲ, ಗೋಡೆಗೆ ಹಾಕಲ್ಲ. ಮನುಷ್ಯರ ಮುಖ ಇದ್ರೆ ಮಾತ್ರ." ನಮ್ಮಿಬ್ಬರಿಗೂ ತೋರಿಸಿದರು. ಸರಿಯೇ, ನನ್ನ ಮುಖದ ಸುತ್ತ ಒಂದು ಚೌಕ, ಚಿಕ್ಕತ್ತೆಯ ಮುಖದ ಸುತ್ತ ಇನ್ನೊಂದು. ಆಮೇಲೆ, "ಕತ್ತಲಲ್ಲಿ ಹೆಂಗೆ ಬರುತ್ತೆ ನೋಡಣ" ಅಂತ ಹಿಂದಿನ ಕೋಣೆಯ ಬಾಗಿಲು ತೆರೆದು ಕ್ಯಾಮೆರಾ ಹಿಡಿದರು. ನಾವು ಅವರ ಬೆನ್ನ ಹಿಂದೆ ಇಣುಕುತ್ತಿದ್ದೆವು.

ಪರದೆಯ ತುಂಬ ಕತ್ತಲು. ಆ ಕತ್ತಲಲ್ಲಿ ಒಂದು ಹಳದಿ ಚೌಕ ಮೂಡಿತು.

ಅದರ ಪಕ್ಕದಲ್ಲಿ ಇನ್ನೊಂದು ಮೂಡಿತು. ಆಮೇಲೆ ಕೆಳಗೊಂದು. ಒಂದು ಆರಿತು, ಮತ್ತೊಂದು ಕಡೆ ಹತ್ತಿತು. ನಮ್ಮೆಜಮಾನರು ಒಂದು ಹೆಜ್ಜೆ ಹಿಂದೆ ಸರಿದಂತೆ ಚೌಕಗಳೂ ಅಲ್ಲಾಡಿದವು. ಆ ಕೋಣೆಯಲ್ಲಿ ಒಂದು ಸಂಸಾರವೇ ಕೂತು ನಮ್ಮನ್ನು ನೋಡುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಏನೋ ಗಡಗಡ ಉರುಳಿತು.

ನಾನು ಕಿರುಚಿದ್ದು ನನಗೆ ನೆನಪಿಲ್ಲ, ಪಕ್ಕದ ತೋಟದವರು ಹೇಳಿದ್ದರಿಂದ ಗೊತ್ತಾಯಿತು. ನಡುಮನೆ ದಾಟಿ, ಜಗಲಿ ದಾಟಿ, ಅಂಗಳದ ಕಲ್ಲುಬೆಂಚಿನ ಮೇಲೆ ಹತ್ತಿ ನಿಂತಿದ್ದೆ. ತಿರುಗಿ ನೋಡಿದರೆ ನಮ್ಮೆಜಮಾನರು ನನಗಿಂತ ಮೊದಲೇ ಬಂದು ಅಲ್ಲಿ ನಿಂತಿದ್ದರು.

ಚಿಕ್ಕತ್ತೆ ಮಾತ್ರ ಪೊರಕೆ ಹಿಡಿದು ಒಳಗೇ ಹೋದರು. ದೀಪ ಹಾಕಿದರು. ಸ್ವಲ್ಪ ಹೊತ್ತಿಗೆ ಒಂದು ಹೆಗ್ಗಣ ದಡದಡ ಹೊರಗೋಡಿತು. ಅದರ ಹಿಂದೆಯೇ ಚಿಕ್ಕತ್ತೆ, ಕೈಯಲ್ಲೊಂದು ಸುಲಿದ ತೆಂಗಿನಕಾಯಿ ಹಿಡಿದು ಬಂದರು. ಸಂತೆಗೆಂದು ಸುಲಿದು ಜುಟ್ಟು ತೆಗೆದ ಕಾಯಿಗಳನ್ನು ಆ ಕೋಣೆಯಲ್ಲಿ ರಾಶಿ ಹಾಕಿದ್ದರು. ಒಂದೊಂದು ಕಾಯಿಯೂ ಎರಡು ಕಣ್ಣು, ಒಂದು ಬಾಯಿ ಬಿಟ್ಟುಕೊಂಡು ಬಾಗಿಲ ಕಡೆಗೇ ಮುಖ ಮಾಡಿತ್ತು.

"ನಿನ್ ಕ್ಯಾಮೆರಾನ ಬೈಬೇಡ ಕಣೋ, ಅದು ಸರಿಯಾಗೇ ನೋಡೈತೆ" ಅಂದರು ಚಿಕ್ಕತ್ತೆ. "ಹುಟ್ಟಿದಾಗ್ನಿಂದ ಈ ತೋಟದ ಕಾಯಿ ತಿಂದೋನು ನೀನು. ನಿಂಗೇ ಗುರುತು ಸಿಗ್ಲಿಲ್ವಲ್ಲೋ!"

ಶುಭಕಾರ್ಯದಲ್ಲಿ ಇಲ್ಲ ಅನ್ನಬಾರದು

ಕಡೆಗೂ ಆ ದಿನ ಬಂತು. ಕೊತ್ತಗೆರೆ ಕಡೆಯ ಗಂಡಿನವರು ವ್ಯಾನು ಮಾಡಿಕೊಂಡು ಬಂದಿದ್ದರು. ಅತ್ತಿಗೆ ಬಾಗಿಲಲ್ಲೇ ನಿಂತು ಎಲ್ಲರಿಗೂ ಒಂದು ಅಪ್ಪಣೆ ಹೊರಡಿಸಿದ್ದರು. ಯಾರೂ ಮೊಬೈಲಿನಲ್ಲಿ ಫೋಟೋ ತೆಗೆಯಕೂಡದು. "ಈಗಿನೋರು ತೆಗೆದ ತಕ್ಷಣ ಸ್ಟೇಟಸ್‌ಗೆ ಹಾಕ್ತಾರೆ. ಊರೋರ ದೃಷ್ಟಿಯೆಲ್ಲ ನನ್ ಮಗಳ ಮೇಲೆ ಬೀಳುತ್ತೆ. ಮದ್ವೆ ಆಗೋವರ್ಗೂ ಬೇಡ. ನಮ್ ತಮ್ಮ ಒಬ್ನೇ ತೆಗೀತಾನೆ."

'ನಮ್ ತಮ್ಮ ಒಬ್ನೇ!' ಅಂದರೆ ಆ ಕ್ಯಾಮೆರಾದಲ್ಲಿ ಬಂದರೆ ಉಂಟು, ಇಲ್ಲದಿದ್ದರೆ ಆ ಹುಡುಗಿಯ ನಿಶ್ಚಿತಾರ್ಥಕ್ಕೆ ಒಂದು ಗುರುತೂ ಉಳಿಯುವುದಿಲ್ಲ. ನಾನು ಬೆಳಗಿನಿಂದ ಸೆರಗಿನಲ್ಲಿ ಗಾಜು ಒರೆಸುತ್ತಲೇ ಇದ್ದೆ.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಹುಡುಗಿ ಹಸೆಯ ಮೇಲೆ ಕೂತಳು. ಉಂಗುರ ತೊಡಿಸಿದರು. ಬೀಗರು ಬೀಗರು ತಾಂಬೂಲದ ತಟ್ಟೆ ಬದಲಾಯಿಸಿಕೊಂಡರು. ಪ್ರತಿಯೊಂದಕ್ಕೂ ಫ್ಲ್ಯಾಶ್ ಮಿಂಚಿತು. ಅತ್ತಿಗೆ ನನ್ನ ಕಡೆ ನೋಡಿ ಒಂದು ಸಲ ನಕ್ಕರು ಕೂಡ. ನನಗೆ ಜೀವ ಬಂದಂತಾಯಿತು.

ಎಲ್ಲರೂ ಒಟ್ಟಿಗೆ ನಿಲ್ಲುವ ಫೋಟೋಕ್ಕೆ ಮುಂಚೆ ಕ್ಯಾಮೆರಾ ನಿಂತಿತು. ಪರದೆಯಲ್ಲಿ ಇಂಗ್ಲಿಷಿನಲ್ಲಿ ಏನೋ ಬಂತು. ಕಾರ್ಡಿನಲ್ಲಿ ತೊಂದರೆಯಿದೆ, ಫಾರ್ಮ್ಯಾಟ್ ಮಾಡಲೇ ಅಂತ ಕೇಳುತ್ತಿತ್ತು. ಕೆಳಗೆ ಯೆಸ್, ನೋ ಅಂತ ಎರಡು. ಫಾರ್ಮ್ಯಾಟ್ ಅಂದರೆ ಒಳಗಿರುವುದನ್ನೆಲ್ಲ ಗುಡಿಸಿ ಹಾಕುವುದು. ನಮ್ಮೆಜಮಾನರಿಗೆ ಅದು ಗೊತ್ತಿತ್ತು. ಅವರ ಬೆರಳು ನೋ ಕಡೆಗೇ ಹೋಗುತ್ತಿತ್ತು.

ಅಷ್ಟರಲ್ಲಿ ಅತ್ತಿಗೆ ಅವರ ಭುಜದ ಮೇಲಿಂದ ಇಣುಕಿದರು. "ಏನ್ಲಾ ಅದು, ಏನೋ ಕೇಳ್ತೈತೆ?"

"ಏನಿಲ್ಲಕ್ಕ, ಯೆಸ್ಸಾ ನೋನಾ ಅಂತ..."

"ನೋ ಒತ್ತುತಿದ್ಯಾ? ತಟ್ಟೆ ಬದ್ಲಾಯ್ಸಿ ಇನ್ನೂ ಅರಿಶಿನ ಆರಿಲ್ಲ, ಶುಭಕಾರ್ಯದಲ್ಲಿ ಯಾರಾದ್ರೂ ಇಲ್ಲ ಅಂತಾರೇನ್ಲಾ? ಬೀಗ್ರು ನೋಡ್ತಾವ್ರೆ, ಯೆಸ್ ಒತ್ತು!"

"ಅಕ್ಕಾ, ಇದು ಹಂಗಲ್ಲ..."

"ಒತ್ತು ಅಂದ್ರೆ!"

ಚಿಕ್ಕಂದಿನಿಂದ ಅಕ್ಕನ ಕೈಯಲ್ಲಿ ಏಟು ತಿಂದು ಬೆಳೆದ ಬೆರಳು ಅದು. ತನ್ನಷ್ಟಕ್ಕೆ ತಾನೇ ಒತ್ತಿಬಿಟ್ಟಿತು.

ಅವರ ಮುಖ ಸುಣ್ಣ ಬಳಿದ ಗೋಡೆಯಾಯಿತು. ಅದನ್ನು ನೋಡಿಯೇ ನನಗೆ ಎಲ್ಲ ಅರ್ಥವಾಯಿತು. ಅವರು ಆ ಕಾರ್ಡು ತೆಗೆದು ಜೇಬಿಗೆ ಹಾಕಿ, ಇನ್ನೊಂದು ಕಾರ್ಡು ಹಾಕಿ, ಗುಂಪಿನ ಫೋಟೋ ತೆಗೆದರು. "ಸ್ವಲ್ಪ ನಗಿ, ನಗಿ" ಅಂತ ಎಲ್ಲರಿಗೂ ಹೇಳುತ್ತಿದ್ದರು. ಅವರ ದನಿ ಮಾತ್ರ ಸಾವಿನ ಮನೆಯಲ್ಲಿ ಮಾತಾಡುವವರ ಹಾಗಿತ್ತು.

ಅತ್ತಿಗೆ ಬೀಗರ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದರು: "ಹಿಡಿದ್ ಕೆಲ್ಸಕ್ಕೆ ಇಲ್ಲ ಅನ್ನೋ ಮಾತೇ ಇಲ್ಲ ನೋಡಿ ನಮ್ ತಮ್ಮಂಗೆ."

ಊಟವಾದ ಮೇಲೆ ಟಿವಿ

ಎಲ್ಲರೂ ಊಟಕ್ಕೆ ಕೂತಾಗ ನಮ್ಮೆಜಮಾನರು ಲ್ಯಾಪ್‌ಟಾಪು ಬಗಲಲ್ಲಿಟ್ಟುಕೊಂಡು ಬಾಳೆಎಲೆ, ತರಕಾರಿ ಇಟ್ಟಿದ್ದ ಪುಟ್ಟ ಕೋಣೆ ಹೊಕ್ಕರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅಳಿಸಿಹೋದ ಫೋಟೋಗಳನ್ನು ಹುಡುಕಿ ತೆಗೆಯುವ ಒಂದು ಪ್ರೋಗ್ರಾಮು ಇತ್ತಂತೆ. ಅದೂ ಪುಕ್ಕಟೆಯದೇ, ಅದಕ್ಕೂ ಕಪ್ಪು ಪರದೆಯೇ.

"ಸಿಗುತ್ತಾ?" ಅಂದೆ.

"ಕಾರ್ಡಲ್ಲಿ ಹೊಸದೇನೂ ಬರೀದೇ ಇದ್ರೆ ಸಿಗುತ್ತೆ ಅಂತ ಕ್ಲಾಸಲ್ಲಿ ಹೇಳಿದ್ರು."

"ಸಿಗದೇ ಇದ್ರೆ?"

"ಹಿತ್ತಲ ಬಾಗಿಲು ಎಲ್ಲಿದೆ ನೋಡಿದ್ಯಾ?"

ತಮಾಷೆಗೆ ಹೇಳಿದರೋ ನಿಜಕ್ಕೂ ಕೇಳಿದರೋ ತಿಳಿಯಲಿಲ್ಲ. ನನಗೆ ಅಳು ಬರುತ್ತಿತ್ತು. ಹೊರಗೆ ಆ ಹುಡುಗಿ ಉಂಗುರದ ಬೆರಳನ್ನೇ ಮತ್ತೆ ಮತ್ತೆ ನೋಡಿಕೊಳ್ಳುತ್ತ, ಸಾರಿಗೆ ಅನ್ನ ಕಲಸುವುದನ್ನೂ ಮರೆತು ಕೂತಿದ್ದಳು. ಅವಳಿಗೆ ಏನಂತ ಹೇಳುವುದು? ಅಷ್ಟರಲ್ಲಿ ಅತ್ತಿಗೆ ಪಾಯಸದ ಬಕೆಟ್ಟು ಹಿಡಿದು ಅಲ್ಲಿಗೇ ಬಂದರು.

"ಒಳಗೆ ಏನ್ ಮಾಡ್ತಾವ್ನೆ ಇವ್ನು, ಊಟಕ್ಕೂ ಬರ್ದೆ?"

"ಫೋಟೋ ತೊಳೀತಾ ಇದಾರೆ ಅತ್ತಿಗೆ" ಅಂದುಬಿಟ್ಟೆ.

"ಈಗ್ಲೂ ತೊಳೀಬೇಕಾ? ಸರಿ, ಬೇಗ ತೊಳೆದು ತರಕ್ಕೇಳು. ಬೀಗ್ರು ಹೊರಡೋದ್ರೊಳಗೆ ಟಿವೀಲಿ ತೋರಿಸ್ಬೇಕು."

ಅವರು ಆ ಕಡೆ ಹೋಗುವುದಕ್ಕೂ ಒಳಗಿನಿಂದ, "ಬಂತು ಕಣೇ! ಬರ್ತಾ ಇದೆ!" ಅನ್ನುವ ಪಿಸುದನಿ ಕೇಳುವುದಕ್ಕೂ ಸರಿಹೋಯಿತು. ಉಂಗುರ ಬಂದಿತ್ತು, ತಾಂಬೂಲದ ತಟ್ಟೆ ಬಂದಿತ್ತು, ಹಸೆಯ ಮೇಲೆ ಹುಡುಗಿ ಬಂದಿದ್ದಳು. ನಾನು ಅಲ್ಲಿದ್ದ ಬಾಳೆಎಲೆಯ ಕಟ್ಟಿಗೇ ಕೈಮುಗಿದೆ. ಎಷ್ಟು ಬಂದಿವೆ, ಯಾವ್ಯಾವು ಬಂದಿವೆ ಅಂತ ನೋಡುವಷ್ಟು ಪುರುಸೊತ್ತಿರಲಿಲ್ಲ. ಅತ್ತಿಗೆ ಮತ್ತೆ ಕೂಗಿದರು. ನಮ್ಮೆಜಮಾನರು ಲ್ಯಾಪ್‌ಟಾಪು ತಂದು ತಂತಿ ಚುಚ್ಚಿ ಟಿವಿಗೆ ಕೊಟ್ಟರು.

ನಡುಮನೆ ತುಂಬ ಜನ. ಎದುರಿಗೆ ಕುರ್ಚಿಯಲ್ಲಿ ಗಂಡಿನ ತಾಯಿ, ಅಂದರೆ ಬೀಗಿತ್ತಿ. ಅವರ ಮಡಿಲಲ್ಲಿ ಅತ್ತಿಗೆ ಆಗತಾನೇ ಮಡಿಲು ತುಂಬಿದ ಸೀರೆ. ಪಕ್ಕದಲ್ಲಿ ಅತ್ತಿಗೆ. ಅವರ ಮಡಿಲಲ್ಲಿ ಬೀಗಿತ್ತಿ ತಂದುಕೊಟ್ಟ ಸೀರೆ. ಒಂದೊಂದೇ ಫೋಟೋ ತಾನಾಗಿ ಬಂದು ಹೋಗುತ್ತಿತ್ತು. ಉಂಗುರ ಬಂದಾಗ ಎಲ್ಲರೂ ಆಹಾ ಅಂದರು. ಹುಡುಗಿ ನಾಚಿಕೊಂಡಳು. ಆಮೇಲೆ ಟಿವಿಯಲ್ಲಿ ನಮ್ಮ ತುಮಕೂರಿನ ಪಕ್ಕದ ಮನೆಯಾಕೆ ಒಂದು ಸೀರೆ ಹಿಡಿದುಕೊಂಡು ನಗುತ್ತ ಬಂದರು.

ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು. ಕಾರಣ ಹೇಳುತ್ತೇನೆ ಕೇಳಿ. ನಮ್ಮ ಕಡೆ ಯಾವ ಶುಭಕಾರ್ಯಕ್ಕೂ ಹೆಂಗಸರಿಗೆ ಸೀರೆ ಕೊಡುತ್ತಾರೆ. ಬಂದ ಸೀರೆಯನ್ನೆಲ್ಲ ಯಾರು ಉಡುತ್ತಾರೆ? ಮಡಿಕೆ ಬಿಚ್ಚದೆ ಬೀರುವಿನಲ್ಲಿಟ್ಟು, ಮುಂದಿನ ಕಾರ್ಯಕ್ಕೆ ಇನ್ನೊಬ್ಬರಿಗೆ ದಾಟಿಸುತ್ತಾರೆ. ಎಲ್ಲರೂ ಮಾಡುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ. ಇದರಲ್ಲಿರುವ ಅಪಾಯ ಒಂದೇ, ಕೊಟ್ಟವರಿಗೇ ತಿರುಗಿ ಕೊಟ್ಟುಬಿಡುವುದು. ಅತ್ತೆಗೆ ಈಚೆಗೆ ಮರೆವು. ಕ್ಯಾಮೆರಾ ಬಂದ ಮೇಲೆ ಅವರೊಂದು ಉಪಾಯ ಕಂಡುಕೊಂಡಿದ್ದರು. ಯಾರೇ ಸೀರೆ ಕೊಡಲಿ, "ಅದನ್ನ ಹಿಡ್ಕೊಂಡು ಹಂಗೇ ನಿಂತ್ಕೊಳವ್ವ, ನೆನಪಿಗಿರ್ಲಿ" ಅಂತ ನನ್ನ ಕೈಯಲ್ಲಿ ಫೋಟೋ ತೆಗೆಸುತ್ತಿದ್ದರು. ಕೊಟ್ಟವರು ಪ್ರೀತಿಯಿಂದ ತೆಗೆಸುತ್ತಿದ್ದಾರೆ ಅಂದುಕೊಂಡು ಹಿಗ್ಗುತ್ತಿದ್ದರು. ಕುಣಿಗಲ್ಲಿಗೆ ಹೊರಡುವ ಮುಂಚೆ ಅವನ್ನೆಲ್ಲ ಅಳಿಸಿಬಿಡು ಅಂತ ಅತ್ತೆಯೇ ಹೇಳಿದ್ದರು, ನಾನೇ ಅಳಿಸಿದ್ದೆ. ಆ ಪುಣ್ಯಾತ್ಗಿತ್ತಿ ಪ್ರೋಗ್ರಾಮು ನಿಶ್ಚಿತಾರ್ಥದ ಜೊತೆಗೆ ಅವನ್ನೂ ಗೋರಿ ತಂದಿತ್ತು.

ಆ ಸೀರೆಯೋ, ಗಿಳಿಹಸಿರು ಮೈ, ರಾಣಿ ಬಣ್ಣದ ಅಂಚು, ಅಂಚಿನ ಉದ್ದಕ್ಕೂ ಆನೆ. ಪಕ್ಕದ ಮನೆಯಾಕೆ ಗೃಹಪ್ರವೇಶದಲ್ಲಿ ಅತ್ತೆಗೆ ಕೊಟ್ಟಿದ್ದು. ಅತ್ತೆ ಅದನ್ನು ಗೌರಿಹಬ್ಬದಲ್ಲಿ ಮಗಳಿಗೆ, ಅಂದರೆ ನಮ್ಮ ಅತ್ತಿಗೆಗೆ, ಕೊಟ್ಟಿದ್ದರು. ಮಗಳು ಆಗತಾನೇ ಅದನ್ನು ಬೀಗಿತ್ತಿಯ ಮಡಿಲಿಗೆ ಹಾಕಿ, "ನಿಮಗಂತ್ಲೇ ಹೇಳಿ ನೇಯ್ಸಿದ್ದು" ಅಂದಿದ್ದರು.

ನಾನು ಕಣ್ಣಲ್ಲೇ ನಮ್ಮೆಜಮಾನರಿಗೆ ಸನ್ನೆ ಮಾಡಿದೆ. ಅವರು ಗಾಬರಿಯಲ್ಲಿ, "ಅಯ್ಯೋ, ಅಳಿಸಿದ್ದೂ ವಾಪಸ್ ಬಂದ್ಬಿಟ್ಟಿದೆ" ಅಂತ ಎಲ್ಲರಿಗೂ ಕೇಳುವಂತೆ ಗೊಣಗುತ್ತ ಏನೋ ಒತ್ತಿದರು. ಫೋಟೋ ಓಡುವುದು ನಿಂತು ಅದೇ ಫೋಟೋ ಟಿವಿಯ ತುಂಬ ದೊಡ್ಡದಾಗಿ ಕೂತುಬಿಟ್ಟಿತು. ಪಕ್ಕದ ಮನೆಯಾಕೆಯ ಮುಖ ಪಕ್ಕಕ್ಕೆ ಸರಿದು ಆನೆಗಳಷ್ಟೇ ಉಳಿದವು.

ಅತ್ತಿಗೆಯ ಮುಖದಲ್ಲಿ ರಕ್ತವಿಲ್ಲ. ಬೀಗರು ಕೆಮ್ಮಿದರು. ಹುಡುಗಿ ಉಂಗುರವನ್ನು ಬಿಗಿಯಾಗಿ ಹಿಡಿದುಕೊಂಡಳು. ಒಂದು ಸಂಬಂಧವೇ ನನ್ನ ಕಣ್ಣೆದುರಿಗೆ ಮುರಿದುಬೀಳುತ್ತಿದೆ, ಆ ಫೋಟೋ ತೆಗೆದ ಕೈ ನನ್ನದು ಅನ್ನಿಸಿ ಆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ.

ಬೀಗಿತ್ತಿ ನಿಧಾನವಾಗಿ ಮಡಿಲ ಸೀರೆಯ ಕವರು ಸರಿಸಿದರು. ಅಂಚು ಹೊರಗೆಳೆದರು. ಒಮ್ಮೆ ಟಿವಿಯ ಆನೆ ನೋಡಿದರು, ಒಮ್ಮೆ ಮಡಿಲ ಆನೆ ನೋಡಿದರು. ಆಮೇಲೆ ನಮ್ಮೆಜಮಾನರನ್ನು ಕರೆದರು.

"ಅಣ್ಣಾ, ಅಳಿಸಾಕಿದ್ದನ್ನೂ ವಾಪಸ್ ತರುತ್ತಾ ನಿಮ್ಮ ಕಂಪ್ಯೂಟ್ರು?"

"ಹೂಂ ಕಣಮ್ಮ... ತರುತ್ತೆ" ಅಂದರು ಇವರು.

"ಹಂಗಾದ್ರೆ ದಯವಿಟ್ಟು ಅದನ್ನ ನಮ್ಮೂರಿಗೆ ಮಾತ್ರ ತರ್ಬೇಡಿ. ನಿಮ್ಮಕ್ಕನ ಮಡಿಲಲ್ಲಿ ಕೂತೈತಲ್ಲ ಸೀರೆ, ಅದನ್ನ ನಂಗ್ಯಾರು ಕೊಟ್ರು ಅಂತ ನಮ್ಮನೇಲಿ ಇನ್ನೂ ಯಾರಿಗೂ ಗೊತ್ತಿಲ್ಲ."

ಅತ್ತಿಗೆ ತಮ್ಮ ಮಡಿಲು ನೋಡಿಕೊಂಡರು. ಮೊದಲು ನಕ್ಕವಳು ಹುಡುಗಿ. ಆಮೇಲೆ ಯಾರು ಯಾರನ್ನು ತಡೆಯುವುದು! ಆ ಗದ್ದಲದಲ್ಲಿ ನಮ್ಮ ಅತ್ತೆ, ಮೂಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದವರು, ಸುಣ್ಣದ ಬೆರಳನ್ನು ಒರೆಸಿಕೊಂಡು ತೀರ್ಪು ಹೇಳಿದರು:

"ಸುಮ್ನೆ ಜೋಯಿಸರ ಹತ್ರ ಹೋಗಿ ಜಾತ್ಕ ತೋರ್ಸಿದ್ವಿ ಬುಡ್ರವ್ವಾ. ಈ ಎರಡು ಮನೆ ಹೊಂದುತ್ತೆ ಅಂತ ನಮ್ ಬೀರುಗಳಿಗೆ ಮೊದ್ಲೇ ಗೊತ್ತಿತ್ತು."